ರಾಯಚೂರಿನಲ್ಲಿ ಹೊಸ ಸಂಗೀತ ತಂಡ ಕಟ್ಟಬೇಕು, ಊರಿನವರ ಸಹಕಾರ ಪಡೆಯುವುದು ಹೇಗೆ?

ಹಾಡುವವರು ಐದಾರು ಜನ ಇದ್ದೀರಿ, ಜಾಗವೂ ಇಲ್ಲ, ದುಡ್ಡೂ ಇಲ್ಲ ಎಂದು ಬರೆದಿದ್ದೀರಿ. ಮೊದಲು ದುಡ್ಡು ಕೇಳಲು ಹೋಗಬೇಡಿ. ಜಾಗ ಕೇಳಿ. ಸಂಜೆ ಖಾಲಿ ಇರುವ ಶಾಲೆಯ ಒಂದು ಕೋಣೆ ವಾರಕ್ಕೆ ಎರಡು ದಿನ ಸಿಕ್ಕರೆ ಸಾಕು. ಬದಲಿಗೆ ಅಲ್ಲಿನ ಮಕ್ಕಳಿಗೆ ಶನಿವಾರ ಹಾಡು ಕಲಿಸಿ. ಕೊಡು ಕೊಳ್ಳುವುದು ಎರಡೂ ಇದ್ದರೆ ಸಂಬಂಧ ಉಳಿಯುತ್ತದೆ, ಅಲ್ವಾ?

ಆಮೇಲೆ ಈಗಾಗಲೇ ಹಾಡುತ್ತಿರುವವರ ಹತ್ತಿರ ಹೋಗಿ. ನಮ್ಮದು ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಹುಟ್ಟಿದ ನೆಲ. ಭಜನಾ ಮಂಡಳಿಗಳಿವೆ, ತತ್ವಪದ ಹಾಡುವವರಿದ್ದಾರೆ, ಮೊಹರಂನಲ್ಲಿ ರಿವಾಯತ್ ಪದ ಹಾಡುವವರೂ ಇದ್ದಾರೆ. ಅವರನ್ನು ಸುಮ್ನೆ ಅತಿಥಿಯಾಗಿ ಕರೆದು ಶಾಲು ಹೊದಿಸಬೇಡಿ. ಅವರ ಜೊತೆ ಕೂತು ಒಂದು ಪದ ಕಲಿಯಿರಿ, ನಿಮ್ಮ ಕಾರ್ಯಕ್ರಮದಲ್ಲಿ ಅವರೇ ಮುಂದೆ ನಿಂತು ಹಾಡಲಿ. ಅವರ ಓಣಿಯ ಜನ ತಾವಾಗಿಯೇ ಬರುತ್ತಾರೆ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಪ್ರಚಾರ ಇಲ್ಲ.

ಮೊದಲ ಕಾರ್ಯಕ್ರಮಕ್ಕೇ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ ಹಿಡಿಯುವ ಆಸೆ ಬೇಡ. ಗುಡಿಯ ಕಟ್ಟೆಯ ಮೇಲೆ ಒಂದು ತಾಸು ಹಾಡಿ. ಬೇಸಿಗೆಯಾದರೆ ಏಳು ಗಂಟೆಯ ನಂತರವೇ ಇಡಿ, ನಮ್ಮ ಬಿಸಿಲು ಗೊತ್ತಲ್ಲ. ಅಂಗಡಿಯವರನ್ನು ಕುಡಿಯುವ ನೀರು, ಮೈಕು ಇಂಥ ಒಂದೊಂದೇ ಕೆಲಸಕ್ಕೆ ಕೇಳಿ. ಖರ್ಚಿನ ಲೆಕ್ಕವನ್ನು ಎಲ್ಲರಿಗೂ ತೋರಿಸಿ.

ಸಂಘದ ನೋಂದಣಿಗೆ ಕನಿಷ್ಠ 7 ಜನ ಬೇಕು. ಅದನ್ನು ಎರಡು ಮೂರು ಕಾರ್ಯಕ್ರಮ ಆದ ಮೇಲೆ ಮಾಡಿಸಿ. ಯಾರು ನಿಜವಾಗಿ ನಿಲ್ಲುತ್ತಾರೆ ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ.