ಗೊಣಗಾಟಕ್ಕೆಲ್ಲ ‘ಮರ್ಮರ್’ ಸಾಲದು

ಸಕಲೇಶಪುರದ ಕಥೆಯನ್ನು ಇಂಗ್ಲಿಷಿಗೆ ತರುವಾಗ ಜ್ವರದಲ್ಲಿ ಅಜ್ಜಿಯ ಬಡಬಡಿಕೆ, ಮಾವನ ಗೊಣಗಾಟ, ಹೇಮಾವತಿ ಹೊಳೆಯ ಸದ್ದು ಮೂರಕ್ಕೂ ‘ಮರ್ಮರ್’ ಸಾಕೇ ಅಂತ ಕೇಳಿದ್ದೀರಿ. ಸಾಲದು. ಮರ್ಮರ್ ಅಂದರೆ ಎಡೆಬಿಡದ ಮೆಲುಸದ್ದು. ಬೇಸಿಗೆಯ ಹೊಳೆಗೆ ಸರಿ, ಆಷಾಢದ ಕೆನ್ನೀರಿಗೆ ‘ರೋರ್’ ಅನ್ನಿ.

ಮಾವನದು ‘ಮಟರ್’. ಒಳಗಿನ ಸಿಟ್ಟು ಆ ಪದದಲ್ಲೇ ಇದೆ. ‘ಮಂಬಲ್’ ಹಾಕಿದರೆ ಬಾಯಿ ಸರಿಯಾಗಿ ತೆರೆಯದೆ ಮಾತು ತೊದಲಿತು ಎಂದಷ್ಟೇ ಆಗಿ ಸಿಟ್ಟು ಬಿದ್ದುಹೋಗುತ್ತದೆ. ಅನುವಾದದಲ್ಲಿ ಹೆಚ್ಚು ಎಡವುವುದು ಇಲ್ಲೇ.

ಅಜ್ಜಿಗೆ ‘ಬ್ಯಾಬಲ್’; ಕೂಗಾಡಿದರೆ ಮಾತ್ರ ‘ರೇವ್’. ‘ರ‍್ಯಾಂಬಲ್’ ಬೇಡ, ಅಲ್ಲಿ ಪದ ಸ್ಪಷ್ಟ, ವಿಷಯ ಮಾತ್ರ ದಾರಿ ತಪ್ಪುತ್ತದೆ. ‘ಗಿಬರಿಷ್’ (ಅರ್ಥವಿಲ್ಲದ ಮಾತು) ನಾಮಪದ, ಕ್ರಿಯಾಪದವಲ್ಲ: ‘ಶಿ ವಾಸ್ ಟಾಕಿಂಗ್ ಗಿಬರಿಷ್’ ಎಂಬಂತೆ ಬರೆಯಬೇಕು. ಆದರೂ ಕಾಯಿಲೆ ಬಿದ್ದ ಅಜ್ಜಿಗೆ ಅದು ತೀರಾ ಒರಟು.