ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್‌ನಿಂದ ಹಾಳಾದ ಕಿಡ್ನಿ ಸರಿಹೋಗುತ್ತದಾ?

ನಿಮ್ಮ ತಂದೆಯವರ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಶ್ಮಲ) 3.2 ಇದೆ, ಗ್ರೋತ್ ಫ್ಯಾಕ್ಟರ್ (ಜೀವಕೋಶಗಳಿಗೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನ್) ಕೊಡಿಸಿದರೆ ಕಿಡ್ನಿ ಮತ್ತೆ ಚಿಗುರುತ್ತದೆ ಅಂತ ಯಾರೋ ಹೇಳಿದ್ದಾರೆ, ದುಡ್ಡು ಕಟ್ಟಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಕಟ್ಟಬೇಡಿ. ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ನರ್ಸ್. ಹಾಳಾದ ಕಿಡ್ನಿಯನ್ನು ಬೆಳೆಸುವ ಇಂಜೆಕ್ಷನ್ ಇವತ್ತಿಗೂ ಬಂದಿಲ್ಲ.

ಹಾಗಂತ ಗ್ರೋತ್ ಫ್ಯಾಕ್ಟರ್ ಅನ್ನೋದು ಸುಳ್ಳೇನಲ್ಲ. ಕಿಡ್ನಿಯೇ ಅವನ್ನು ತಯಾರಿಸುತ್ತದೆ. ಪೆಟ್ಟು ಬಿದ್ದ ನಳಿಕೆಗಳ ಜೀವಕೋಶ ಮತ್ತೆ ಬೆಳೆಯಲು ಇಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ ನೆರವಾಗುತ್ತದೆ. ರಕ್ತ ಸೋಸುವ ಸಣ್ಣ ನಾಳಗಳನ್ನು ವಿಇಜಿಎಫ್ ಎಂಬ ಇನ್ನೊಂದು ಕಾಪಾಡುತ್ತದೆ. ಕ್ಯಾನ್ಸರ್‌ಗೆ ಕೊಡುವ ಬೆವಾಸಿಜುಮ್ಯಾಬ್ ಈ ವಿಇಜಿಎಫ್ ಅನ್ನೇ ತಡೆಯುತ್ತದೆ. ಅದಕ್ಕೇ ಅದನ್ನು ತಗೊಳ್ಳುವ ಕೆಲವರಿಗೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ.

ಆದರೆ ಟಿಜಿಎಫ್-ಬೀಟಾ ಕೂಡ ಗ್ರೋತ್ ಫ್ಯಾಕ್ಟರೇ. ಗಾಯ ಮಾಯುವುದಕ್ಕೆ ಅದು ಬೇಕು. ಸಕ್ಕರೆ, ಬಿಪಿ ವರ್ಷಗಟ್ಟಲೆ ಹತೋಟಿ ತಪ್ಪಿದರೆ ಮಾತ್ರ ಅದರ ಕೆಲಸ ನಿಲ್ಲೋದೇ ಇಲ್ಲ, ಕಿಡ್ನಿಯೊಳಗೆ ಗಾಯದ ಕಲೆಯೇ ತುಂಬುತ್ತಾ ಹೋಗುತ್ತದೆ. ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ. ಕಿಡ್ನಿ ದಿಢೀರ್ ಕೈಕೊಟ್ಟವರಿಗೆ ಐಜಿಎಫ್-1 ಎಂಬ ಗ್ರೋತ್ ಫ್ಯಾಕ್ಟರ್ ಕೊಟ್ಟು ನೋಡಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಅವರು ಬೇಗ ಚೇತರಿಸಿಕೊಳ್ಳಲಿಲ್ಲ.

ನಮ್ಮ ಯೂನಿಟ್‌ನಲ್ಲಿ ಕೊಡೋದು ಒಂದನ್ನೇ, ಎರಿಥ್ರೋಪೊಯೆಟಿನ್. ಕೆಂಪು ರಕ್ತಕಣ ಬೆಳೆಸುವ ಇದನ್ನು ಹೆಚ್ಚಾಗಿ ತಯಾರಿಸೋದು ಕಿಡ್ನಿ. ಕಿಡ್ನಿ ಸೋತಾಗ ಇದು ಕಮ್ಮಿಯಾಗಿ ಹಿಮೋಗ್ಲೋಬಿನ್ ಇಳಿಯುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಇಂಜೆಕ್ಷನ್ ಶುರುವಾಗಿ ಕೆಲವು ವಾರಕ್ಕೆ ಮುಖದಲ್ಲಿ ಕಳೆ ಬರೋದನ್ನು ನೋಡಿದಾಗ ನನಗೂ ಖುಷಿ. ಜೊತೆಗೆ ಕಬ್ಬಿಣಾಂಶ ಸಾಕಷ್ಟಿರಬೇಕು. ಔಷಧಿಯನ್ನು ಫ್ರಿಜ್‌ನಲ್ಲಿಡಬೇಕು, ಫ್ರೀಜರ್‌ನಲ್ಲಿ ಬೇಡ, ಕುಲುಕಲೂಬಾರದು. ಹಿಮೋಗ್ಲೋಬಿನ್ 13 ದಾಟಿಸಲು ಹೋದರೆ ಪಾರ್ಶ್ವವಾಯುವಿನ ಅಪಾಯ ಜಾಸ್ತಿ. ಇಷ್ಟೆಲ್ಲ ಮಾಡಿದರೂ ಸರಿಹೋಗೋದು ರಕ್ತಹೀನತೆ, ಕಿಡ್ನಿಯಲ್ಲ.

ಆ ದುಡ್ಡಲ್ಲಿ ಕಿಡ್ನಿ ತಜ್ಞರಿಗೆ (ನೆಫ್ರಾಲಜಿಸ್ಟ್) ತೋರಿಸಿ. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡುವ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಜಾತಿಯ ಬಿಪಿ ಮಾತ್ರೆ ತಂದೆಯವರಿಗೆ ಆಗುತ್ತದಾ ಅಂತ ಕೇಳಿ. ಟಿಜಿಎಫ್-ಬೀಟಾವನ್ನು ಕೆರಳಿಸುವ, ಬಿಪಿ ಏರಿಸುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನ್‌ಗೆ ಇವು ಕಡಿವಾಣ ಹಾಕುತ್ತವೆ. ಕಿಡ್ನಿ ಸೋಲುವುದನ್ನು ನಿಧಾನಿಸುವ ಡಾಪಾಗ್ಲಿಫ್ಲೋಜಿನ್ ಮಾತ್ರೆ ಬಗ್ಗೆಯೂ ವಿಚಾರಿಸಿ. ಬಿಪಿ ಮಾತ್ರೆ ಶುರು ಮಾಡಿದರೆ ಒಂದೆರಡು ವಾರದೊಳಗೆ ಪೊಟ್ಯಾಷಿಯಂ, ಕ್ರಿಯಾಟಿನಿನ್ ಮತ್ತೆ ನೋಡಿಸಲೇಬೇಕು. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ತಾವೇ ತಂದು ನುಂಗುವ ನೋವಿನ ಮಾತ್ರೆ ಏನಾದರೂ ಇದ್ದರೆ ಅದನ್ನೂ ಡಾಕ್ಟರ ಮುಂದೆ ಇಡಿ, ಅಂಥ ಕೆಲವು ಮಾತ್ರೆ ಕಿಡ್ನಿಗೆ ಪೆಟ್ಟು ಕೊಡುತ್ತವೆ.