ಪೋಡಿನ ಜೇನು ಘಟಕಕ್ಕೆ ಟ್ಯಾಬ್ಲೆಟ್‌ಗಿಂತ ಮೊದಲು ಏನು ಬೇಕು?

ಬಿಳಿಗಿರಿರಂಗನ ಬೆಟ್ಟದ ಕಡೆ ಅಲ್ಲಿನ ಆದಿವಾಸಿಗಳಾದ ಸೋಲಿಗರು ತಮ್ಮ ಪೋಡಿನಲ್ಲಿ, ಅಂದರೆ ಹಾಡಿಯಲ್ಲಿ, ನಡೆಸುವ ಒಂದು ಜೇನು, ಕಾಫಿ ಘಟಕಕ್ಕೆ ನಿಮ್ಮ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ದುಡ್ಡಿನಲ್ಲಿ ಇಪ್ಪತ್ತು ಟ್ಯಾಬ್ಲೆಟ್, ಜೊತೆಗೊಂದು ಆ್ಯಪ್ ಮಾಡಿಕೊಡಬೇಕು ಅಂತಿದ್ದೀರಿ. ಅದರಿಂದ ಅಲ್ಲಿನವರ ಆದಾಯ ನಿಜವಾಗಿ ಹೆಚ್ಚುತ್ತದಾ, ಆ್ಯಪ್ ಯಾವ ಭಾಷೆಯಲ್ಲಿ ಇರಬೇಕು ಅಂತ ಕೇಳಿದ್ದೀರಿ. ನಾನು ಬೆಟ್ಟದ ಕೆಳಗಿನ ಯಳಂದೂರಿನವನು, ಸೋಲಿಗನಲ್ಲ. ಬೆಟ್ಟದ ಮೇಲಿನ ಇಂಥದೇ ಒಂದು ಘಟಕದಲ್ಲಿ ಆರು ವರ್ಷ ಲೆಕ್ಕ ಬರೆದಿದ್ದೇನೆ. ಅಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ತಕ್ಕಡಿಯ ವಿಷಯ. ನಾನು ಸೇರಿದ ವರ್ಷ ಘಟಕಕ್ಕೆ ಹೊಸ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಬರೆದುಕೊಳ್ಳುವವನು ನಾನೇ ಆದ್ದರಿಂದ ಅಂಕಿ ಕಾಣುವ ಮುಖವನ್ನು ನನ್ನ ಮೇಜಿನ ಕಡೆಗೇ ಇಟ್ಟುಕೊಂಡಿದ್ದೆ. ಮೇ ತಿಂಗಳ ಒಂದು ಬೆಳಿಗ್ಗೆ ಒಬ್ಬ ಅಜ್ಜ ಹೆಜ್ಜೇನಿನ ಎರಡು ಡಬ್ಬ ಹೊತ್ತು ತಂದರು. ರಾತ್ರಿಯೆಲ್ಲ ಮರದ ಮೇಲಿದ್ದವರು, ಮೈಮೇಲೆ ಇನ್ನೂ ಹೊಗೆಯ ವಾಸನೆ. ಮೊದಲ ಡಬ್ಬ ಇಟ್ಟಾಗ ನಾನು "ಹದಿನೆಂಟೂವರೆ" ಅಂದೆ. ಅಜ್ಜ ಎರಡನೇ ಡಬ್ಬ ಎತ್ತಲಿಲ್ಲ, ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ, "ಅದ್ನ ಈ ಕಡಿಕ್ ತಿರುಗ್ಸು ಮಗಾ, ನಾನೂ ನೋಡ್ತೀನಿ" ಅಂದರು.

ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅಂಕಿ ಚೆನ್ನಾಗಿ ಬರುತ್ತಿತ್ತು, ನೋಟು ಎಣಿಸುವವರಿಗೆ, ಮೊಬೈಲ್ ಒತ್ತುವವರಿಗೆ ಬಾರದೇ ಇರುತ್ತದೆಯೇ? ಅಲ್ಲಿಯವರೆಗೆ ಅವರು ತೂಕವನ್ನು ಕಂಡೇ ಇರಲಿಲ್ಲ, ಬೇರೆಯವರ ಬಾಯಿಂದ ಕೇಳಿದ್ದಷ್ಟೇ. ವ್ಯಾಪಾರಿ ಕೊಕ್ಕೆಯ ತಕ್ಕಡಿಯನ್ನು ತನ್ನ ಮುಖದ ಎತ್ತರಕ್ಕೆ ಹಿಡಿದು ಒಂದು ಸಂಖ್ಯೆ ಹೇಳುತ್ತಿದ್ದ. ಡಬ್ಬದ ಲೆಕ್ಕಕ್ಕೆ ಇಷ್ಟು, ಮೇಣಕ್ಕೆ ಇಷ್ಟು, ಕಸಕ್ಕೆ ಇಷ್ಟು ಅಂತ ಕಳೆಯುತ್ತಿದ್ದ. ಕಾಡುಜೇನಿಗೆ ಕೇಂದ್ರ ಸರ್ಕಾರ 2020ರಲ್ಲಿ ಹೇಳಿದ ಕನಿಷ್ಠ ಬೆಂಬಲ ಬೆಲೆ ಕೆಜಿಗೆ 225 ರೂಪಾಯಿ. ಆ ದರದಲ್ಲೇ ಲೆಕ್ಕ ಹಾಕಿ ನೋಡಿ: ಒಂದು ಡಬ್ಬಕ್ಕೆ ಒಂದೂವರೆ ಕೆಜಿ ಬಾಯಿಲೆಕ್ಕದಲ್ಲಿ ಹೋದರೆ ಸುಮಾರು 337 ರೂಪಾಯಿ ಹೋಯಿತು. ಜೀವ ಕೈಯಲ್ಲಿ ಹಿಡಿದು ಇಳಿಸಿದ ಜೇನಿನ ದುಡ್ಡು ಅದು.

ಅವತ್ತೇ ತಕ್ಕಡಿಯನ್ನು ತಿರುಗಿಸಿಟ್ಟೆ. ಮುಂದಿನ ತಿಂಗಳು ಎರಡೂ ಕಡೆ ಅಂಕಿ ಕಾಣುವ ತಕ್ಕಡಿ ತಂದೆವು. ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ಒಂದು ಹೊಸ ಮಾತೇ ಹುಟ್ಟಿಕೊಂಡಿತ್ತು: "ಮೊದ್ಲು ಸೊನ್ನೆ ತೋರ್ಸು." ಖಾಲಿ ಡಬ್ಬ ಇಟ್ಟು, ಸೊನ್ನೆ ಮಾಡಿ, ಅದು ಎಲ್ಲರಿಗೂ ಕಂಡ ಮೇಲೇ ಜೇನು ಸುರಿಯುವುದು. ಹೆಂಗಸರು ಸೀಗೆಕಾಯಿ, ನೆಲ್ಲಿಕಾಯಿ ತಂದಾಗಲೂ ಇದೇ ಮಾತು. ಬೆಟ್ಟದ ಕೆಳಗೆ ಸಂತೆಯಲ್ಲೂ ಅವರು ಹೀಗೇ ಕೇಳತೊಡಗಿದರು ಅಂತ ಆಮೇಲೆ ಗೊತ್ತಾಯಿತು. ನಾನು ಕಂಡ ಅತಿ ದೊಡ್ಡ ತಂತ್ರಜ್ಞಾನದ ಬದಲಾವಣೆ ಇದೇ. ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು. ಆ ಮುದ್ರೆ ಎಲ್ಲಿದೆ, ಯಾವ ವರ್ಷದ್ದು ಅಂತ ಪೋಡಿನ ಹುಡುಗರಿಗೂ ತೋರಿಸಿಕೊಟ್ಟಿದ್ದೆವು.

ಜೊತೆಗೆ ರಸೀದಿ ಮುದ್ರಿಸುವ ಸಣ್ಣ ಯಂತ್ರವೂ ಬಂದಿತ್ತು. ಅದರ ಕಾಗದ ಬೆವರಿಗೆ, ಬಿಸಿಲಿಗೆ ಬಿಳಿಚಿಕೊಂಡು ಎರಡು ತಿಂಗಳಲ್ಲಿ ಅಕ್ಷರವೇ ಮಾಯ. ವರ್ಷದ ಕೊನೆಗೆ ಬೋನಸ್ ಕೊಡುವ ಹೊತ್ತಿಗೆ ಜನ ಖಾಲಿ ಚೀಟಿ ಹಿಡಿದುಕೊಂಡು ಬಂದರು. ಕಾರ್ಬನ್ ಹಾಳೆಯ ಹಳೆಯ ರಸೀದಿ ಪುಸ್ತಕಕ್ಕೇ ಮರಳಿದೆವು.

ಎರಡನೆಯದು ಜೇನಿನ ನೀರಿನಂಶ ಅಳೆಯುವ ರಿಫ್ರಾಕ್ಟೋಮೀಟರ್. ಗೇಣುದ್ದದ ಕೊಳವೆ, ಬ್ಯಾಟರಿ ಬೇಡ, ಕರೆಂಟ್ ಬೇಡ, ಎರಡು ಮೂರು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ತುದಿಯ ಗಾಜಿನ ಮೇಲೆ ಒಂದು ಹನಿ ಜೇನು ಸವರಿ, ಮುಚ್ಚಳ ಒತ್ತಿ, ಬೆಳಕಿನ ಕಡೆ ಹಿಡಿದು ನೋಡಿದರೆ ಒಳಗೆ ನೀಲಿ ಮತ್ತು ಬಿಳಿ ಸೇರುವ ಗೆರೆ ಕಾಣುತ್ತದೆ. ಗೆರೆ ಯಾವ ಅಂಕಿಯ ಮೇಲೆ ನಿಂತಿದೆಯೋ ಅಷ್ಟು ನೀರು. ಮಾರುವ ಜೇನಿನಲ್ಲಿ ನೀರಿನಂಶ ಶೇ 20 ಮೀರಬಾರದು ಅನ್ನುವುದು ಆಹಾರ ಸುರಕ್ಷತಾ ನಿಯಮ. ನಮ್ಮ ಕಾಡಿನ ಜೇನು, ಅದರಲ್ಲೂ ಒಂದೆರಡು ಮಳೆ ಬಿದ್ದ ಮೇಲೆ ತೆಗೆದದ್ದು, ಎಷ್ಟೋ ಸಲ 22, 23 ಇರುತ್ತದೆ. ಹಾಗೆಯೇ ಬಿಟ್ಟರೆ ಹುಳಿ ಬಂದು ನೊರೆ ಉಕ್ಕುತ್ತದೆ.

ಇದಕ್ಕೆ ಮೊದಲು ಏನಾಗುತ್ತಿತ್ತು ಗೊತ್ತಾ? ತೆಳ್ಳಗಿನ ಜೇನು ಕಂಡರೆ ಸಾಕು, ಕೊಳ್ಳುವವರು "ನೀರು ಬೆರೆಸಿದ್ದೀರಿ" ಅಂತ ಬೆಲೆ ಇಳಿಸುತ್ತಿದ್ದರು. ಜೇನಿಗೆ ನೀರು ಬೆರೆಸಿದ ಅನ್ನುವ ಮಾತು ಸೋಲಿಗನ ಪಾಲಿಗೆ ಬರೀ ವ್ಯಾಪಾರದ ಚೌಕಾಸಿಯಲ್ಲ, ಅವಮಾನ. ಒಂದು ದಿನ ನಾಲ್ಕೈದು ಮಂದಿ ಜೇನು ತೆಗೆಯುವವರು ಆ ಕೊಳವೆ ತೆಗೆದುಕೊಂಡು ತಮ್ಮದೇ ಪರೀಕ್ಷೆ ಶುರು ಮಾಡಿದರು. ಒಂದೇ ಹುಟ್ಟಿನಲ್ಲಿ, ಅಂದರೆ ಜೇನುಗೂಡಿನ ತಟ್ಟೆಯಲ್ಲಿ, ಮೇಣದಿಂದ ಪೂರ್ತಿ ಮುಚ್ಚಿದ ಕಣ್ಣುಗಳ (ಪುಟ್ಟ ಕೋಣೆಗಳ) ಜೇನು ಬೇರೆ, ಇನ್ನೂ ತೆರೆದಿದ್ದ ಕಣ್ಣುಗಳ ಜೇನು ಬೇರೆ ಇಟ್ಟು ನೋಡಿದರು. ಮುಚ್ಚಿದ್ದು 20ರ ಆಸುಪಾಸು, ತೆರೆದದ್ದು 24. ಜೇನುಹುಳ ನೀರು ಆರಿಸಿ ಮುಗಿಸಿದ ಮೇಲೇ ಮುಚ್ಚಳ ಹಾಕುತ್ತದೆ ಅನ್ನುವುದು ಅವರಿಗೆ ತಲೆಮಾರುಗಳಿಂದ ಗೊತ್ತು. ಆ ತಿಳಿವಳಿಕೆಗೆ ಈಗ ಪಟ್ಟಣದವನೂ ಒಪ್ಪಬೇಕಾದ ಅಂಕಿ ಸಿಕ್ಕಿತು.

ಅಲ್ಲಿಂದ ಮುಂದೆ ಮುಚ್ಚಿದ್ದಕ್ಕೊಂದು, ತೆರೆದದ್ದಕ್ಕೊಂದು ಅಂತ ಎರಡು ಡಬ್ಬ ಒಯ್ಯುವ ರೂಢಿ ಅವರಾಗಿಯೇ ಮಾಡಿಕೊಂಡರು. ಹೆಜ್ಜೇನಿನ ಹುಟ್ಟಿನಲ್ಲಿ ಜೇನು ಮೇಲ್ಭಾಗದಲ್ಲಿ, ಮರಿ ಕೆಳಗೆ. ಜೇನಿನ ಭಾಗವನ್ನಷ್ಟೇ ಕೊಯ್ದು, ಕೈಯಲ್ಲಿ ಹಿಂಡದೆ, ಬಟ್ಟೆಯ ಮೇಲಿಟ್ಟು ತಾನಾಗಿ ಸೋರಲು ಬಿಟ್ಟರೆ ಹೂಪುಡಿ, ಮರಿಯ ರಸ ಸೇರುವುದಿಲ್ಲ. ಅಂಥ ಜೇನು ಬೇಗ ಕೆಡುವುದೂ ಇಲ್ಲ. ಘಟಕದಲ್ಲಿ ನೀರಿನಂಶ ಇಳಿಸುವ ಯಂತ್ರ ಇತ್ತು. ಆದರೆ ಅದರ ಕೆಲಸ ಅರ್ಧಕ್ಕರ್ಧ ಕಡಿಮೆಯಾದದ್ದು ಮರದ ಮೇಲೆ ಆದ ಈ ಬದಲಾವಣೆಯಿಂದ. ಹೆಚ್ಚು ಬಿಸಿ ಮಾಡಿದರೆ ಜೇನಿನ ಪರಿಮಳವೇ ಸತ್ತುಹೋಗುತ್ತದೆ, ಹಾಗಾಗಿ ಯಂತ್ರಕ್ಕೆ ಕೆಲಸ ಕಡಿಮೆ ಇದ್ದಷ್ಟೂ ಒಳ್ಳೆಯದು.

ಈಗ ನಾವು ಮಾಡಿದ ತಪ್ಪು. ನೀವು ಆ್ಯಪ್ ಅಂದಿದ್ದರಿಂದ ಇದನ್ನು ಹೇಳಲೇಬೇಕು. ನಾಲ್ಕನೇ ವರ್ಷ ಒಬ್ಬ ದೊಡ್ಡ ಖರೀದಿದಾರರು ಬಂದು, ಪ್ರತಿ ಬಾಟಲಿಯ ಜೇನು ಕಾಡಿನ ಯಾವ ಜಾಗದ್ದು ಅಂತ ತೋರಿಸಿದರೆ ಹೆಚ್ಚು ಬೆಲೆ ಕೊಡುತ್ತೇವೆ ಅಂದರು. ಮೊಬೈಲ್‌ನಲ್ಲಿ ಜಿಪಿಎಸ್ ಹಾಕಿ, ಜೇನು ತೆಗೆದ ಕಡೆಯೇ ಒಂದು ಗುಂಡಿ ಒತ್ತುವ ಆ್ಯಪ್ ಸಿದ್ಧವಾಯಿತು. ನಾನೇ ಉತ್ಸಾಹದಿಂದ ಎಲ್ಲರಿಗೂ ಕಲಿಸಿದೆ. ಎರಡು ವಾರ ಕಳೆದ ಮೇಲೆ ನೋಡಿದರೆ ಎಲ್ಲ ಗುರುತುಗಳೂ ಪೋಡಿನ ರಸ್ತೆಯ ಮೇಲೇ ಬಿದ್ದಿದ್ದವು. ಯಾರೂ ಕಾಡಿನೊಳಗೆ ಗುಂಡಿ ಒತ್ತಿರಲೇ ಇಲ್ಲ.

ಯಾಕೆ ಅಂತ ಕೇಳಿದಾಗ ಒಬ್ಬ ಹಿರಿಯರು ಎದುರು ಪ್ರಶ್ನೆ ಹಾಕಿದರು: "ನಿಮ್ಮಪ್ಪ ಚಿನ್ನ ಎಲ್ಲಿ ಮಡಗವ್ರೆ ಅಂತ ನೀನು ಯಾರಿಗಾದ್ರೂ ಹೇಳ್ತಿಯಾ?" ಯಾವ ಮರ, ಯಾವ ಬಂಡೆ ಯಾವ ಮನೆತನದ್ದು ಅನ್ನುವುದು ಅವರವರ ನಡುವಿನ ಮಾತು. ಹೆಜ್ಜೇನು ವರ್ಷ ವರ್ಷ ಅದೇ ಮರಕ್ಕೆ, ಅದೇ ಬಂಡೆಗೆ ಮರಳಿ ಬರುತ್ತದೆ. ಆ ನಕ್ಷೆ ಯಾವುದೋ ಊರಿನ ಕಂಪ್ಯೂಟರಿನಲ್ಲಿ ಇದ್ದರೆ ಕಾಡಿನ ಬೀಗದ ಕೈ ಕೊಟ್ಟಂತೆಯೇ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಮೊದಲೇ ಕೇಳಬೇಕಿತ್ತು, ಕೇಳಿರಲಿಲ್ಲ. ಆ್ಯಪ್ ಕೈಬಿಟ್ಟೆವು, ಖರೀದಿದಾರರೂ ಹೋದರು. ಆಮೇಲೆ ಗ್ರಾಮಸಭೆಯೇ ಕೂತು, ಜಾಗದ ಬದಲು ಪೋಡಿನ ಹೆಸರು ಮತ್ತು ತಿಂಗಳನ್ನು ಬಾಟಲಿಯ ಮೇಲೆ ಹಾಕಿದರೆ ಸಾಕು ಅಂತ ತೀರ್ಮಾನಿಸಿತು. ಅದನ್ನು ಒಪ್ಪುವ ಬೇರೆ ಗಿರಾಕಿಗಳು ಸಿಕ್ಕರು.

ಗ್ರಾಮಸಭೆ ಅಂದೆನಲ್ಲ, ಅದರ ಹಿನ್ನೆಲೆ ತಿಳಿಯದೆ ನೀವು ಈ ಕೆಲಸಕ್ಕೆ ಕೈಹಾಕಬೇಡಿ. ಬೆಟ್ಟದ ಮೇಲೆ ಜೇನು ಸಂಸ್ಕರಿಸುವ, ನೆಲ್ಲಿಕಾಯಿ ಉಪ್ಪಿನಕಾಯಿ ಹಾಕುವ ಘಟಕಗಳು 1990ರ ದಶಕದಲ್ಲೇ ಇದ್ದವು. ಕಾಡಿನ ಉತ್ಪನ್ನ ಕೊಳ್ಳಲು ಲ್ಯಾಂಪ್ಸ್ ಸೊಸೈಟಿಗಳು, ಅಂದರೆ ಆದಿವಾಸಿಗಳ ವಿವಿಧೋದ್ದೇಶ ಸಹಕಾರ ಸಂಘಗಳು, ಅದಕ್ಕೂ ಮೊದಲಿನಿಂದ ಇವೆ. ಯಂತ್ರ ಇತ್ತು, ತರಬೇತಿ ಇತ್ತು. 2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದು, ಕೆಲ ವರ್ಷಗಳಲ್ಲಿ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ (ಜೇನು, ನೆಲ್ಲಿಕಾಯಿ, ಸೀಗೆಕಾಯಿಯಂಥದು) ಸಂಗ್ರಹಿಸುವುದನ್ನೇ ನಿಲ್ಲಿಸಿದರು. ಕಚ್ಚಾ ಮಾಲೇ ಬಾರದಿದ್ದರೆ ಯಂತ್ರ ಇಟ್ಟುಕೊಂಡು ಏನು ಮಾಡುವುದು? ಎಷ್ಟೋ ಸಂಸಾರಗಳು ಕೆಲಸ ಹುಡುಕಿಕೊಂಡು ಕೊಡಗಿನ, ಕೇರಳದ ತೋಟಗಳಿಗೆ ಹೋದವು.

2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಬಾಯಿ ಬಿಟ್ಟು ಹೇಳಿತು: ಸಂಗ್ರಹಿಸುವ, ಬಳಸುವ, ಮಾರುವ ಹಕ್ಕು. ಜೇನು, ಮೇಣ ಎರಡರ ಹೆಸರೂ ಆ ಕಾಯ್ದೆಯಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟವನ್ನು ಹುಲಿ ಮೀಸಲು ಎಂದು ಘೋಷಿಸಿದ ಅದೇ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರು ಸೋಲಿಗರೇ. ತಮ್ಮ ಪವಿತ್ರ ತಾಣಗಳನ್ನು ಗುರುತಿಸಿ ನಕ್ಷೆ ಮಾಡಿದ್ದೂ ಆ ಹೋರಾಟಕ್ಕೆ ಬಲವಾಯಿತು. ಅಲ್ಲೂ ಜಿಪಿಎಸ್ ಇತ್ತು ನೋಡಿ. ಆದರೆ ಅದನ್ನು ಹಿಡಿದವರೂ ಅವರೇ, ಯಾವುದನ್ನು ತೋರಿಸಬೇಕು, ಯಾವುದನ್ನು ಬೇಡ ಅಂತ ಆರಿಸಿದವರೂ ಅವರೇ. ನಮ್ಮ ಆ್ಯಪಿಗೂ ಅದಕ್ಕೂ ಇದ್ದ ವ್ಯತ್ಯಾಸ ಅಷ್ಟೇ, ಆದರೆ ಎಲ್ಲವೂ ಅದರಲ್ಲೇ ಇದೆ.

ಕಾಫಿಯ ಬಗ್ಗೆ ಚಿಕ್ಕದಾಗಿ. ಕಾಡುಮರದ ನೆರಳಲ್ಲಿ ಅರ್ಧ ಎಕರೆ, ಒಂದು ಎಕರೆ ಕಾಫಿ ಇರುವ ಮನೆಗಳು ಬಹಳ. ಹಣ್ಣನ್ನು ಸಿಪ್ಪೆ ಸಮೇತ ಹಾಗೇ ಒಣಗಿಸಿ, 'ಚೆರ್ರಿ' ಅಂತ ಮಾರುವುದು ರೂಢಿ. ಪೋಡಿನಲ್ಲಿ ಕೈಯಲ್ಲಿ ತಿರುಗಿಸುವ ಒಂದು ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ನೆಲದಿಂದ ಎತ್ತರಿಸಿದ ಒಣಗಿಸುವ ಬಲೆ, ತೇವಾಂಶದ ಮೀಟರ್ ಇದ್ದರೆ ಕೆಂಪು ಹಣ್ಣನ್ನೇ ಆರಿಸಿ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಬೀಜ ಮಾಡಬಹುದು, ಬೆಲೆ ಬೇರೆಯೇ ಸಿಗುತ್ತದೆ. ಸುಮಾರು 6 ಕೆಜಿ ಹಣ್ಣಿಗೆ ಒಂದು ಕೆಜಿ ಬೀಜ. ಹಾಗಾಗಿ ಸರಿಯಾಗಿ ಒಣಗದೆ ಒಂದು ಕೆಜಿ ಬೀಜ ಬೂಸ್ಟು ಹಿಡಿದರೆ ಆರು ಕೆಜಿ ಹಣ್ಣು ಕೊಯ್ದ ದುಡಿಮೆ ಹೋದಂತೆ. ಪಲ್ಪರ್ ಕೊಡಿಸುವವರು ಬಿಡಿಭಾಗವನ್ನೂ ಕೊಡಿಸಿ, ಬಿಚ್ಚಿ ಜೋಡಿಸಲು ಪೋಡಿನ ಇಬ್ಬರಿಗಾದರೂ ಕಲಿಸಿ. ನಮ್ಮದು ಒಂದು ಸಣ್ಣ ಭಾಗ ಸವೆದು, ಸುಗ್ಗಿಯ ನಡುವೆ ಹದಿನೇಳು ದಿನ ಸುಮ್ಮನೆ ನಿಂತಿತ್ತು.

ಆದಾಯ ಹೆಚ್ಚುತ್ತದಾ ಅಂದಿರಿ. ನನ್ನ ಲೆಕ್ಕದ ಪುಸ್ತಕ ಹೇಳುವುದು ಇದು: ಆದಾಯ ಏರಿದ್ದು ತಂದ ದಿನವೇ ದುಡ್ಡು ಕೊಟ್ಟ ವರ್ಷಗಳಲ್ಲಿ. ಮಳೆಗಾಲದಲ್ಲಿ ಅಕ್ಕಿಗೆ, ಮದುವೆಗೆ ಅಂತ ವ್ಯಾಪಾರಿ ಮುಂಗಡ ಕೊಟ್ಟಿರುತ್ತಾನೆ, ಸುಗ್ಗಿಯಲ್ಲಿ ಮಾಲು ಅವನಿಗೇ ಹೋಗುತ್ತದೆ, ಅವನು ಹೇಳಿದ ಬೆಲೆಗೆ. ಘಟಕದ ಕೈಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಕೊಳ್ಳುವ ದುಡ್ಡು ಇಲ್ಲದಿದ್ದರೆ ಎಂಥ ಆ್ಯಪೂ ಆ ಗಂಟನ್ನು ಬಿಡಿಸಲಾರದು. ಆದಿವಾಸಿಗಳ ಕಾಡಿನ ಉತ್ಪನ್ನಕ್ಕಾಗಿ ಕೇಂದ್ರ ಸರ್ಕಾರ 2018ರಲ್ಲಿ ಶುರು ಮಾಡಿದ ವನ್ ಧನ್ ಯೋಜನೆಯಲ್ಲಿ ಸುಮಾರು 300 ಸದಸ್ಯರ ಒಂದು ಕೇಂದ್ರಕ್ಕೆ 15 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತಿದ್ದರು, ಈಗ ಹೇಗಿದೆ ಅಂತ ವಿಚಾರಿಸಿ. ನೀಲಗಿರಿಯ ಕೋತಗಿರಿಯಲ್ಲಿ ಆದಿಮಲೈ ಅಂತ ಆದಿವಾಸಿಗಳೇ ಷೇರುದಾರರಾಗಿರುವ ಉತ್ಪಾದಕರ ಕಂಪನಿ 2013ರಿಂದ ನಡೆಯುತ್ತಿದೆ, 2021ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿಯೂ ಬಂತು. ಹೋಗಿ ನೋಡಿ ಬನ್ನಿ, ಬೆಂಗಳೂರಿನಿಂದ ಒಂದು ದಿನದ ದಾರಿ.

ದುಡ್ಡನ್ನು ಬ್ಯಾಂಕಿಗೇ ಹಾಕುತ್ತೇವೆ ಅನ್ನುವುದಾದರೆ, ಅದನ್ನು ತೆಗೆಯಲು ಬೆರಳಚ್ಚನ್ನು ನೆಚ್ಚಿಕೊಳ್ಳಬೇಡಿ. ಹಗ್ಗ ಹಿಡಿದು, ಮಣ್ಣು ಅಗೆದು ಸವೆದ ಬೆರಳನ್ನು ಯಂತ್ರ ಎಷ್ಟೋ ಸಲ ಒಪ್ಪುವುದಿಲ್ಲ. ಒಬ್ಬ ಅಮ್ಮ ತಮ್ಮದೇ 1,200 ರೂಪಾಯಿಗಾಗಿ ಮೂರು ಸಲ ಬೆಟ್ಟ ಇಳಿದು ಹತ್ತಿದ್ದನ್ನು ನಾನು ನೋಡಿದ್ದೇನೆ.

ಹಾಗಾದರೆ ಟ್ಯಾಬ್ಲೆಟ್ ಬೇಡವೇ ಬೇಡವಾ? ಘಟಕದೊಳಗೆ ಒಂದು ಕಂಪ್ಯೂಟರ್, ದಾಸ್ತಾನು ಮತ್ತು ಪಾವತಿಯ ಲೆಕ್ಕಕ್ಕೆ ಖಂಡಿತ ಬೇಕು. ನಾನು ಬಿಟ್ಟು ಬರುವಾಗ ಆ ಕುರ್ಚಿಯಲ್ಲಿ ಕೂತವಳು ಪೋಡಿನದೇ ಹುಡುಗಿ, ಪಿಯುಸಿ ಓದಿದವಳು. ತಿಂಗಳಿಗೊಮ್ಮೆ ಸಭೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು, ಯಾರು ಬೇಕಾದರೂ ತಡೆದು ಕೇಳಬಹುದಿತ್ತು. ನಿಮ್ಮ ದುಡ್ಡಿನಲ್ಲಿ ಇಪ್ಪತ್ತರ ಬದಲು ಒಂದು ಕೊಡಿ, ಉಳಿದದ್ದನ್ನು ಅವಳಂಥವರ ಎರಡು ವರ್ಷದ ಸಂಬಳಕ್ಕೆ ಇಡಿ.

ಭಾಷೆಯ ಪ್ರಶ್ನೆಗೆ ಬರುತ್ತೇನೆ. ಸೋಲಿಗರ ನುಡಿ ಕನ್ನಡಕ್ಕೆ ತೀರ ಹತ್ತಿರ, ಕನ್ನಡ ಎಲ್ಲರಿಗೂ ತಿಳಿಯುತ್ತದೆ. ಆದರೆ ಪರದೆಯ ಮೇಲೆ "ಉತ್ಪನ್ನದ ವರ್ಗವನ್ನು ಆಯ್ಕೆ ಮಾಡಿ" ಅಂತ ಬರೆದರೆ ಯಾರೂ ಮುಟ್ಟುವುದಿಲ್ಲ. ಜೇನಿನ ಬಗೆಗಳಿಗೆ ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿ ಅಂತ ಅವರು ಕರೆಯುವ ಹೆಸರನ್ನೇ ಹಾಕಿ. ಅಂಕಿ ದೊಡ್ಡದಾಗಿರಲಿ, ಎದುರಿಗೆ ನಿಂತವರಿಗೂ ಕಾಣುವಷ್ಟು.